ಹೆಜ್ಜಿ ಅಳಸೂವಾಕಿ

ದಿನಕ್ಕ ಆರನೂರು ಪಗಾರ, ಮಧ್ಯಾಹ್ನ ಚಿತ್ರಾನ್ನ.
ಕೆಲಸ ಏನಂದ್ರ ಗುಡ್ಡಾ ಕಸಾ ಹೊಡಿಯೂದು.
ಗುಡ್ಡಾ ಯಾರರ ಕಸಾ ಹೊಡೀತಾರೇನ್ರೀ ಅಂತ ನಕ್ಕೆ.
ನಗಬ್ಯಾಡ ಫಕೀರವ್ವಾ, ಅಂದ ಡೋಣಿಯ ಏಜೆಂಟ ಹನಮರಡ್ಡಿ,
ನಾಳಿಂದ ಇದು ಕಪ್ಪತಗುಡ್ಡ ಅಲ್ಲ,
ಮಂಗಳ.

ಮಂಗಳ ಅಂದ್ರ ನನಗ ವಾರ. ಉಗುರು ತಗೀಬಾರದ ವಾರ.
ಅದರಾಗ ಗುಡ್ಡಾ ಇರ್ತಾವು ಅಂತ ಯಾರಿಗ್ಗೊತ್ತಿತ್ತು.

ಬಂದರಿಕಿ ತಪ್ಪಲದ ಕಸಬರಿಗಿ ಕಟಗೊಂಡು ಹೋದೆ.
ಆಡಿನ ಹಿಕ್ಕಿ ಬಳದೆ, ಬೀಡಿ ತುಂಡು ಆರಿಸಿದೆ,
ಹುಲ್ಲಿನ ಎಸಳು ಒಂದೊಂದಽ ಕಿತ್ತು ಉಡಿಯಾಗ ಹಾಕ್ಕೊಂಡೆ.
ಯಾವನೋ ಹುಡುಗಿ ಹೆಸರು ಬರದಿದ್ದ ಕಲ್ಲು,
ಬೋರಲು ಹಾಕಿದೆ.
ಆಮ್ಯಾಲೆ ಹೆಜ್ಜಿ.
ಆಡಿನವು, ನರಿಯವು, ಮೂರು ಗೀಟಿನ ನವಿಲಿನವು,
ಕಟಗಿಗೆ ಬರೂ ಹೆಣಮಕ್ಕಳವು
ಏರೂವಾಗ ಹಗರ, ಇಳಿಯೂವಾಗ ಆಳ.
ಎಲ್ಲಾ ಅಳಿಸಿ, ಹಿಂದಹಿಂದಕ ಸರಕೋತ
ನನ್ನವೂ ಅಳಿಸಿದೆ.
ಕಡೀಕ ಬಂಡಿಗಲ್ಲಿನ ಮ್ಯಾಲೆ ನಿಂತು ನೋಡಿದ್ರ
ಇಲ್ಲಿ ಯಾರೂ ಹುಟ್ಟೇ ಇಲ್ಲ ಅನ್ನೂಹಂಗಿತ್ತು.
ಡೈರೆಕ್ಟರ್ ಕೈ ಮುಗದ: ಅಮ್ಮಾ, ಇದೇ ಬೇಕಿತ್ತು.

ಆಚಿ ದಿಬ್ಬದಾಗ ಗಾಳಿ ಪಂಖಾ ಗರಗರ ತಿರಗತಿದ್ದುವು.
ಅವನ್ನೂ ನಾನಽ ಅಳಸಬೇಕೇನ್ರೀ?
ಅವನ್ನ ಕಂಪ್ಯೂಟರಿನಾಗ ಅಳಸ್ತೀವಿ ಅಂದ್ರು.
ಅದಕ ಪಗಾರ ಎಷ್ಟು, ಕೇಳಲಿಲ್ಲ.

ಗಾಳೀನಽ ಇಲ್ಲದ ಲೋಕ ಅಂತದು.
ನಮ್ಮ ಗಾಳಿಗೆ ತಿಳೀಬೇಕಲ್ಲ,
ಡೈರೆಕ್ಟರನ ಛತ್ರಿ ಕಸಗೊಂಡು ಡೋಣಿ ಹಾದಿ ಹಿಡೀತು.
ಹೀರೋ ಹೆಲ್ಮೆಟ್ ತಗದ್ರ
ಒಳಗ ಇಪ್ಪತ್ತೈದರ ಪೋರ, ಸುಟ್ಟ ಬದನಿಕಾಯಿ ಹಂಗ ಮಾರಿ.
ನನ್ನ ಬಾಟ್ಲಿ ಮಜ್ಜಿಗಿ ಕುಡದು
ಇನ್ನೊಂದೀಟು ಐತೇನ್ರೀ ಅಂದ.

ಗದಗಿನ ಟಾಕೀಜಿನಾಗ, ಎರಡನೇ ಸಾಲಿನಾಗ, ನಾನೂ ನಾದಿನಿ ಮಗಳೂ.
ಹಡಗದ ಒಳಗಿನ ಮನಿ ಬಂತು, ಉದ್ದನ್ನ ಕಬ್ಬಿಣದ ಕಂಬ,
ಇದು ಬೆಟಗೇರಿ ಹತ್ತಿ ಮಿಲ್ಲಲ್ಲೇನವಾ, ಅಂದೆ.
ಸುಮ್ಕಿರ ಅತ್ತಿ, ಅಂದಳು.
ನಮ್ಮವ್ವ ಹದಿಮೂರು ವರ್ಷ ಅಲ್ಲಿ ಅಳ್ಳಿ ಬಿಡಿಸಿ ಕೆಮ್ಮಿದಾಕಿ.
ಆ ಧೂಳಽ ಇನ್ನೂ ಹಾರತಿತ್ತು,
ಬೆಳಕು ಬಿಟ್ಟು ಅದನ್ನಽ ಚುಕ್ಕಿ ಮಾಡಿದ್ರು.
ಹೀರೋ ಮಿಲ್ಲಿನ ಬಾಗಿಲಾ ತಗದ,
ಹೊಸ್ತಿಲಾ ದಾಟಿದ, ಬಂದಽ ಬಿಟ್ಟ ಗುಡ್ಡಕ್ಕ.
ನಾವು ಎರಡು ಬಸ್ಸು ಬದಲಸ್ತೀವಿ.

ಮೊಣಕಾಲೂರಿ ಅಂದ:
ನಾನೂರು ಕೋಟಿ ವರ್ಷದಿಂದ
ಈ ನೆಲದ ಮೇಲೆ ಯಾರೂ ಕಾಲಿಟ್ಟಿಲ್ಲ.
ನನಗ ನಗಿ ತಡೀಲಿಲ್ಲ. ಮುಂದಿನಾಂವ ಹೊಳ್ಳಿ ಲೊಚಗುಟ್ಟಿದ.

ಆಗ ತೆರಿ ತುಂಬ ಕೆಂಪು ಮಣ್ಣು, ಮಣ್ಣಿನಾಗ ಗೀರು,
ಸಾಲ ಸಾಲ ಡೊಂಕು ಗೀರು.
ಅವನ ಬಟ್ಟು ಅದರ ಮ್ಯಾಲೆ ಮೆಲ್ಲಕ ಹೋತು.
ನೀರು, ಅಂದ. ಒಂದು ಕಾಲದಲ್ಲಿ ಇಲ್ಲಿ ನೀರು ಹರಿದಿತ್ತು.
ಟಾಕೀಜಿನಾಗ ಯಾರೂ ಉಸಿರಾಡಲಿಲ್ಲ.
ಲೊಚಗುಟ್ಟಿದಾಂವ ಕಣ್ಣು ಒರಸಿಕೊಂಡ.

ಅವು ನನ್ನ ಕಸಬರಿಗಿ ಗೀರು.
ನಾ ಎಡಗೈಯಾಕಿ, ಅದಕ ಅವು ಹಂಗ ಹೊಳ್ತಾವು,
ನಮ್ಮ ಅಂಗಳದಾಗೂ ಹಂಗಽ.
ಎದ್ದು ನಿಂತು ಹೇಳೂಣನಂದೆ.
ಹೇಳಲಿಲ್ಲ.
ಖರೇ ಅಂದ್ರ, ಗೊತ್ತಿದ್ದೂ
ನನಗೂ ಆ ಗಳಿಗಿ ನೀರಿನ ಸಪ್ಪಳ ಕೇಳಿಸಿತ್ತು.

ಈಗ ಆಡು ಹೊಡಕೊಂಡು ಮ್ಯಾಲೆ ಹೋದ್ರ
ಬಂಡಿಗಲ್ಲಿನ ಸಂದಿಯಾಗ, ಮಳಿ ತಾಗದ ಕಡೆ,
ಅವನ ಬೂಟಿನ ಹೆಜ್ಜಿ ಒಂದು ಉಳದೈತಿ,
ನನ್ನ ಎರಡು ಅಂಗಾಲಿನಷ್ಟು ದೊಡ್ಡದು.
ಅದನ್ನ ಅಳಸಾಕ ಯಾರೂ ಪಗಾರ ಕೊಟ್ಟಿಲ್ಲ.
ಆಡು ಮೂಸಿ ನೋಡ್ತಾವು, ದಾಟಿ ಹೋಗ್ತಾವು.

ನಿನ್ನೆ, ಹುಟ್ಟಿ ಎಂಟು ದಿನದ ಮರಿಯೊಂದು
ಅದರ ನಟ್ಟನಡು ನಿಂತು
ನಾಕು ಹಿಕ್ಕಿ ಹಾಕ್ತು.