‘ಮ’ ಸಾಲದ ಚಳಿಗಾಲ

ಕುತಾಯಿಸಿಯ ಈ ಮುದ್ರಣಾಲಯದ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ಮೊಳೆ ಜೋಡಿಸುವವಳು ನಾನು.
ಎಲ್ಲವನ್ನೂ ತಿರುಗುಮುರುಗಾಗಿಯೇ ಓದಿದವಳು:
ಮದುವೆಯ ಕರೆಯೋಲೆ, ರೈಲಿನ ವೇಳಾಪಟ್ಟಿ, ಸತ್ತವರ ಹೆಸರು,
ಹಾಗೇ, ಕವಿತೆ.
ನಮ್ಮ ಲಿಪಿಗೆ ಮೂವತ್ತಮೂರೇ ಅಕ್ಷರ,
ದೊಡ್ಡಕ್ಷರವೆಂಬುದಿಲ್ಲ; ದೇವರೂ ದನವೂ
ಒಂದೇ ಎತ್ತರದಲ್ಲಿ ಶುರುವಾಗುತ್ತವೆ.

ಜನವರಿಯಲ್ಲಿ ಲಮಾರಾಳ ಮೊದಲ ಪುಸ್ತಕ ಬಂತು.
ಔಷಧದಂಗಡಿಯಲ್ಲಿ ಪುಡಿ ತೂಗುವ ಹುಡುಗಿ,
ಹಸ್ತಪ್ರತಿಗೆಲ್ಲ ಕರ್ಪೂರದ ವಾಸನೆ.
ಆರನೇ ಪುಟಕ್ಕೇ ನನ್ನ ‘ಮ’ದ ಮನೆ ಬರಿದಾಯಿತು.
ನಮ್ಮಲ್ಲಿ ಚಂದ್ರನಿಗೆ ಮ್ತ್ವಾರೆ ಎನ್ನುತ್ತೇವೆ;
ಅವಳ ಪ್ರತಿ ಕಿಟಕಿಗೂ ಒಂದು ಮ್ತ್ವಾರೆ,
ಪ್ರತಿ ಕಣ್ಣೀರಿಗೂ,
ಒಬ್ಬ ಚಮ್ಮಾರನ ಸುತ್ತಿಗೆಯ ಮೇಲೂ ಒಂದು.
ಪಕ್ಕದ ಪೆಟ್ಟಿಗೆಯಿಂದ ಸಾಲ ತಂದೆ.
ಬೆರಳಿಗೆ ತಿಳಿಯಿತು. ಬಾಯಿ ಸುಮ್ಮನಿತ್ತು.
‘ಹೇಗಿದೆ?’ ಅಂದಳು.
‘ಚೆನ್ನಾಗಿದೆ ಮಗಳೇ,’ ಅಂದೆ,
ಕಣ್ಣು ಕರಡಿನ ಮೇಲಿಟ್ಟು.

ಮಾರ್ಚಿನಲ್ಲಿ ಎರ್ಮಿಲೆ ಮಾಸ್ತರರ ವಿಮರ್ಶೆ,
ಚೌಕುಳಿ ಹಾಳೆಯ ಮೇಲೆ, ಕಡ್ಡಿ ಮುರಿದಂತೆ:
‘ನಲವತ್ತೊಂದು ಚಂದ್ರರು. ಒಂದು ಕಾಗದ ಓದುವಷ್ಟೂ ಬೆಳಕಿಲ್ಲ.
ಈಕೆ ತಕ್ಕಡಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದು ಬರೆಯುತ್ತಾಳೆ.’
ಅವಳ ಪುಸ್ತಕ ಬಿಚ್ಚಿ ಮನೆಮನೆಗೆ ಹಂಚಿದ್ದ ಮೊಳೆಗಳನ್ನೇ
(ಬೇರೆ ಎಲ್ಲಿವೆ ನನ್ನ ಬಳಿ?)
ಮತ್ತೆ ಹೆಕ್ಕಿ ಇದನ್ನೂ ಜೋಡಿಸಿದೆ.
ಮೊಳೆ ಅಂದರೆ ಮೊಳೆಯುವುದೂ ಹೌದು, ಹೊಡೆಯುವುದೂ ಹೌದು;
ಸೀಸಕ್ಕೆ ಅದರ ಚಿಂತೆಯಿಲ್ಲ.
ಮಾಸ್ತರರ ಮೇಲೆ ಸಿಟ್ಟು ಬರಲಿಲ್ಲ, ಅದೇ ನನಗೆ ಸಂಕಟ.
ಎರಡು ತಿಂಗಳ ಹಿಂದೆ ನಾನು ನುಂಗಿದ್ದನ್ನು
ಆತ ಊರ ಮುಂದೆ ಉಗುಳಿದ್ದ, ಅಷ್ಟೇ.
ಆತನ ಬರಹದಲ್ಲಿ ‘ಒಟ್ಟಿನಲ್ಲಿ’ ಒಂಬತ್ತು ಸಲ ಬಂದಿತ್ತು.
ಅದನ್ನು ಯಾರೂ ಎಣಿಸಲಿಲ್ಲ.

ಅಂಕಣ ನಾಲ್ಕು ಸಾಲು ಉದ್ದವಾಯಿತು.
ಕೆಳಗೆ ಬೂಟಿನ ಜಾಹೀರಾತು, ಕಾಸು ಕೊಟ್ಟದ್ದು.
ನಮ್ಮ ಮೇಸ್ತ್ರಿ ಓದುವವನಲ್ಲ, ಅಳೆಯುವವನು;
ಬುಡದಿಂದ ನಾಲ್ಕು ಸಾಲು ಎತ್ತಿ ಕಲ್ಲಿನ ಮೇಲಿಟ್ಟ.
ದಾರ ಸುತ್ತಿ ಕಟ್ಟಿ ಜೇಬಿಗೆ ಹಾಕಿಕೊಂಡೆ.
ಯಾಕೆ ಅಂದರೆ ಗೊತ್ತಿಲ್ಲ.

ಶನಿವಾರ ಸಂಜೆ ಲಮಾರಾ ಮೆಟ್ಟಿಲಿಳಿದು ಬಂದಳು.
‘ಇದನ್ನೂ ನೀವೇ ಜೋಡಿಸಿದ್ದಾ?’
‘ನಾನೇ.’
‘ಎಣಿಸಿದ್ದಿರಾ?’
‘ಆರನೇ ಪುಟದಲ್ಲೇ.’
ಮಾಸ್ತರರಿಗೆ ಸಲ್ಲಬೇಕಿದ್ದ ನೋಟ
ನನ್ನ ಮೇಲೆ ಬಿತ್ತು. ಸರಿಯಾಗಿಯೇ ಬಿತ್ತು.

ಜೇಬಿನ ಕಟ್ಟು ತೆಗೆದು ಕೊಟ್ಟೆ.
ದೀಪಕ್ಕೆ ಓರೆ ಹಿಡಿದು, ತುಟಿಯಾಡಿಸುತ್ತ,
ಹಿಂದುಮುಂದಾದ ಅಕ್ಷರ ತಡವುತ್ತ ಓದಿದಳು:
‘ಆದರೆ ಹದಿನೇಳನೇ ಪುಟದಲ್ಲಿ ಒಬ್ಬ ಮುದುಕಿ
ಬೂದಿ ಹಾಕಿ ತಾಮ್ರದ ಹಂಡೆ ಉಜ್ಜುತ್ತಾಳೆ.
ಅಲ್ಲಿ ಚಂದ್ರನಿಲ್ಲ. ಆ ಹಂಡೆಯಲ್ಲಿ
ನನ್ನ ಮುಖ ಕಂಡಿತು.’

ಅಳುತ್ತಾಳೆ ಅಂದುಕೊಂಡೆ. ಇಲ್ಲ.
ನನ್ನದೊಂದು ಸಾಲು ಜೋಡಿಸಿಕೊಡಿ, ಅಂದಳು.
ಕೊಟ್ಟೆ. ಚಿಮುಟದಲ್ಲಿ ಚಂದ್ರನನ್ನು ಒಂದೊಂದೇ ಅಕ್ಷರವಾಗಿ ಕಿತ್ತಳು.
ಸಾಲು ಸಡಿಲಾಗಿ ಮಗುಚಿತು.
‘ಈಗ?’
‘ಖಾಲಿ ಜಾಗಕ್ಕೂ ಸೀಸ ಬೇಕಮ್ಮ,’ ಅಂದೆ,
ಅಕ್ಷರವಿಲ್ಲದ ಕುಳ್ಳ ತುಂಡುಗಳ ಮನೆ ತೋರಿಸಿ.
‘ಇವು ಅಚ್ಚಿಗೆ ಬೀಳೋದಿಲ್ಲ. ಇವಿಲ್ಲದೆ ಯಾವುದೂ ನಿಲ್ಲೋದಿಲ್ಲ.’
ಒಂದನ್ನು ಅಂಗೈಯಲ್ಲಿಟ್ಟು ತೂಗಿದಳು,
ಅಂಗಡಿಯಲ್ಲಿ ತೂಗುವ ಹಾಗೆ, ಉಸಿರು ಹಿಡಿದು.

ಹೊರಡುವಾಗ ಕಟ್ಟನ್ನು ಕೊಂಡೊಯ್ಯಲಿಲ್ಲ.
‘ಬಿಚ್ಚಿ ಹಂಚಿಬಿಡಿ,’ ಅಂದಳು, ‘ನಿಮಗೆ ಮ ಸಾಲದು.’

ಬಿಚ್ಚಿದೆ.
ಚಂದ್ರನಿಲ್ಲ ಎನ್ನುವುದಕ್ಕೂ ಒಂದು ಮ ಬೇಕಾಗಿತ್ತಲ್ಲ,
ಅದು ಸಿಕ್ಕಿತು.
ಬುಧವಾರ ಒಂದು ಸೋಪಿನ ಜಾಹೀರಾತಿಗೆ ಹೋಯಿತು.