ಕೋರಂ ಇಲ್ಲದ ಶನಿವಾರ

ಬೋರಾ ಬಜಾರಿನ ಒಳಗಲ್ಲಿ, ಮೂರನೇ ಮಾಳಿಗೆ.
ಹಿತ್ತಾಳೆ ಫಲಕಕ್ಕೆ ಹುಣಿಸೆಹಣ್ಣು ತಿಕ್ಕುವ ಸರದಿ
ಈ ತಿಂಗಳು ನನ್ನದು:
ವಿಶ್ವ ಸೌಹಾರ್ದ ಸ್ವಯಂಸೇವಕ ಮಂಡಳಿ, ನೋಂದಾಯಿತ.
ಪಟ್ಟಿಯಲ್ಲಿ ಹನ್ನೊಂದು ಜನ. ಬರುವವರು ಐದು.
ಅಧ್ಯಕ್ಷೆ ಹೋಮಾಯ್ ಭೇಸಾನಿಯಾ, ಎಂಬತ್ತು ದಾಟಿದವಳು,
ಬಿಸ್ಕತ್ತು ಅವಳದೇ ಖರ್ಚು.
ನಾನು ಕಾರ್ಯದರ್ಶಿ. ಗೋದಿಯಲ್ಲಿ ಮೂವತ್ತು ವರ್ಷ ಗುಮಾಸ್ತ
(ಹಡಗು ನಿಲ್ಲುವ ಗೋದಿ, ರೊಟ್ಟಿಯ ಗೋಧಿಯಲ್ಲ ಎಂದು
ಅಂಕೋಲೆಯವರಿಗೆ ಈಗಲೂ ಬಿಡಿಸಿ ಹೇಳಬೇಕು).

ಲೋಕದ ಜಗಳಗಳಿಗೆ ನಾವು ಪತ್ರ ಬರೆಯುತ್ತೇವೆ.
ನಾಲಿಗೆಗೆ ಅಂಟಿನ ರುಚಿ ಹತ್ತಿಹೋಗಿದೆ.
ಇಷ್ಟು ವರ್ಷದಲ್ಲಿ ಉತ್ತರ ಬಂದದ್ದು ಎರಡು ಸಲ;
ಅದರಲ್ಲೊಂದು, ವಿಳಾಸ ತಪ್ಪೆಂದು.

ಆ ಶನಿವಾರದ ತಪ್ಪು ಮಾತ್ರ ನನ್ನದೇ.
ಹೊಡೆದಾಡುತ್ತಿದ್ದ ಎರಡು ದೇಶ, ಹೆಸರು ಇಲ್ಲಿ ಬೇಡ.
ಒಂದಕ್ಕೆ ನಾಲ್ಕು ಗಂಟೆ, ಇನ್ನೊಂದಕ್ಕೆ ಐದೂವರೆ
ಎಂದು ಠರಾವಾಗಿತ್ತು. ಎರಡಕ್ಕೂ ನಾಲ್ಕೇ ಬರೆದೆ.
ದೊಡ್ಡವರು ಬರಲಿಲ್ಲ, ಬರುವುದೂ ಇಲ್ಲ.
ಕಚೇರಿಯ ಕಿರಿಯರಿಬ್ಬರು ಬಂದರು
ಬೇರೆ ಬೇರೆ ಟ್ಯಾಕ್ಸಿಯಲ್ಲಿ, ಒಂದೇ ಲಿಫ್ಟಿಗೆ.
'ನೀವು ಮೊದಲು' 'ಇಲ್ಲ, ನೀವು' ಎಂದರಂತೆ ಬಾಗಿಲಲ್ಲಿ;
ಆಗಿನ್ನೂ ಯಾರು ಯಾರೆಂದು ಗೊತ್ತಿರಲಿಲ್ಲ.

ಎರಡಕ್ಕೂ ಮೂರಕ್ಕೂ ನಡುವೆ
ಲಿಫ್ಟು ಹಟ ಹಿಡಿದು ನಿಂತಿತು.

ಜಾಳಿಗೆಯಾಚೆ, ನಮ್ಮ ಚಪ್ಪಲಿಯ ಮಟ್ಟಕ್ಕೆ ಎರಡು ತಲೆ:
ಒಂದು ಬೋಳು, ಒಂದು ಗುಂಗುರು.
ಕೊರಳಿನ ಗುರುತುಚೀಟಿಗಳನ್ನು
ಆಗ ಓದಿಕೊಂಡರು ಒಬ್ಬರದೊಬ್ಬರು.
ಮೂರಡಿ ಚೌಕದಲ್ಲಿ ಎಷ್ಟು ದೂರ ಸರಿಯಬಹುದೋ ಅಷ್ಟು ಸರಿದರು.

ಹೋಮಾಯ್, ಮಂಡಿನೋವಿನ ಹೋಮಾಯ್,
ಹತ್ತು ವರ್ಷಗಳಲ್ಲಿ ಮೊದಲ ಸಲ ನೆಲಕ್ಕೆ ಕೂತಳು.
ಸಂದಿಯಲ್ಲಿ ತೂರುವಂಥ ಲೋಟ ನಮ್ಮಲ್ಲಿ ಇದ್ದದ್ದು ಒಂದೇ.
ಬೋಳುತಲೆ ಅರ್ಧ ಕುಡಿದು, ತಡೆದು,
ಕರ್ಚೀಫಿನಿಂದ ಅಂಚು ಒರೆಸಿ, ಮುಖ ನೋಡದೆ ಚಾಚಿದ.

ಇಪ್ಪತ್ತು ನಿಮಿಷ. ಸೂರ್ಯಬಲಿ, ಲಿಫ್ಟಿನವನು,
ಕಬ್ಬಿಣದ ಸಲಾಕೆಯಿಂದ ಜಾಳಿಗೆ ಸರಿಸಿದ.
ಈಗ, ಯಾರು ಮೊದಲು ಮೇಲೆ?

ನಿಯಮ ಹದಿನಾಲ್ಕು: ಅತಿಥಿಗಳು ಅಕ್ಷರಾನುಕ್ರಮದಲ್ಲಿ.
ಪೆಡ್ನೇಕರ್ ಆಗಲೇ ಪುಸ್ತಕ ತೆರೆದಿದ್ದ.
ಇಂಗ್ಲಿಷಿನಲ್ಲಾದರೆ ಗುಂಗುರಿನವನ ದೇಶ.
ನಾನೋ ಕನ್ನಡಶಾಲೆಯ ಹುಡುಗ,
ಮನಸ್ಸಿನಲ್ಲೇ ಅ ಆ ಇ ಈ ಎಂದು ನಡೆದು ನೋಡಿದೆ.
ನಮ್ಮ ಸಾಲಿನಲ್ಲಿ ಇನ್ನೊಬ್ಬನದೇ ಮುಂದೆ.
ಹೇಳಲೋ ಬೇಡವೋ ಎಂದು ಬಾಯಿ ತೆರೆಯುವಷ್ಟರಲ್ಲಿ
ಸೂರ್ಯಬಲಿಗೆ ಸಿಟ್ಟು ಬಂತು:
'ಭಾರದವನು ಮೊದಲು! ಅವನೇ ಕೆಳಗುಳಿದರೆ
ಆಮೇಲೆ ಹಿಂದಿನಿಂದ ನೂಕಲು ಯಾರಿದ್ದಾರೆ?'

ಗುಂಗುರಿನವನು ಕೋಟು ಬಿಚ್ಚಿ ಮಡಚಿ ಮೂಲೆಯಲ್ಲಿಟ್ಟ.
ಗೋಡೆಗೆ ಕೈ ಕೊಟ್ಟು ಬಗ್ಗಿದ.
ಬೋಳುತಲೆ ಬೂಟು ಕಳಚಬೇಕೆಂದು ಒಂದು ಕಾಲೆತ್ತಿದ;
ಲೇಸು ಗಂಟಾಗಿತ್ತು. ಬಿಟ್ಟ.
ಆ ಬೆನ್ನ ಮೇಲೆ ಹತ್ತಿ, ಬಂದು ನಮ್ಮ ನೆಲದಲ್ಲಿ ಬಿದ್ದ,
ಮತ್ತೆ ಹೊಟ್ಟೆಯ ಮೇಲೆ ಮಲಗಿ, ಟೈ ಸಂದಿಗೆ ಜೋಲುತ್ತಿರಲು
ಎರಡೂ ಕೈ ಕೆಳಗೆ ಚಾಚಿದ.

ಸಭೆಗೆ ನಿಲ್ಲಲಿಲ್ಲ ಇಬ್ಬರೂ. ಬಿಸ್ಕತ್ತು ಮುಟ್ಟಲಿಲ್ಲ.
ಹತ್ತು ಮೆಟ್ಟಿಲ ಅಂತರ ಬಿಟ್ಟು ಇಳಿದುಹೋದರು.
ಕಲಾಪ ಪುಸ್ತಕದಲ್ಲಿ ನಾನು ಬರೆದದ್ದು:
ಕೋರಂ ಇಲ್ಲ. ಸಭೆ ಮುಂದೂಡಿದೆ.
ಲಿಫ್ಟು ರಿಪೇರಿಯ ವಂತಿಗೆ ಮುನ್ನೂರು ರೂಪಾಯಿ, ಮಂಜೂರು.

ಬರೆಯದೆ ಬಿಟ್ಟದ್ದು:
ಕಿಟಕಿಯಿಂದ ಬಗ್ಗಿ ನೋಡಿದಾಗ
ಗುಂಗುರಿನವನು ಕೋಟು ತೋಳ ಮೇಲೆ ಹಾಕಿಕೊಂಡು
ಸ್ಟೇಷನ್ನಿನ ಗದ್ದಲದ ಕಡೆಗೆ ನಡೆದಿದ್ದ.
ಬಿಳಿ ಅಂಗಿಯ ಬೆನ್ನಿನ ನಟ್ಟನಡುವೆ
ಒಂದು ಪೂರ್ತಿ ಬೂಟು, ಹಿಮ್ಮಡಿಯ ಮೊಳೆಗಳ ಸಮೇತ.
ಕೂಗಿ ಹೇಳೋಣವೆಂದುಕೊಂಡೆ.
ಹೋಮಾಯ್ ತೋಳು ಹಿಡಿದಳು: ಇರಲಿ ಬಿಡು.
ಕಬ್ಬಿನ ಹಾಲಿನ ಅಂಗಡಿಯವರೆಗೂ ಕಾಣುತ್ತಿತ್ತು.