ವಾಷರ್

ಎಂಟಕ್ಕೂ ಒಂಬತ್ತಕ್ಕೂ ನಡುವೆ ಲಿಫ್ಟು ನಿಂತುಬಿಟ್ಟಿದೆ,
ಒಳಗೆ ಎತೇರಿ ಅಜ್ಜಿ, ಒಡೆಯಲಿರುವ ಹಾಲು.
ತ್ಬಿಲಿಸಿಯಲ್ಲಿ ಭಾನುವಾರ. ಅಂಗಡಿಗಳೆಲ್ಲ ಬಂದ್.

ಮೇಲೆ ಮೋಟಾರು ಕೋಣೆ: ಗ್ರೀಸು, ಪಾರಿವಾಳದ ಹಿಕ್ಕೆ,
ಟಾರ್ಚು ಹಿಡಿದ ನಾನು.
ವಾಝಾ ಚಕ್ರವನ್ನು ಕೈಯಲ್ಲೇ ತಿರುವುತ್ತ
ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಾನಿಸಿ
ಬೇರಿಂಗಿನ ಮಾತು ಕೇಳಿದ.
‘ಇವನಲ್ಲ’ ಎಂದ.
ಬ್ರೇಕಿನ ಬೋಲ್ಟು ಲೊಡಲೊಡ;
ವಾಷರ್ ಸವೆದು ಎರಡು ಹೋಳು.

ಗೇಣು ಗೇಣಾಗಿ ಅಜ್ಜಿಯನ್ನು ಎಂಟಕ್ಕೆ ಇಳಿಸಿದೆವು.
ಹೊರಬಂದವಳು ಮೊದಲು ಬೈದಳು,
ಆಮೇಲೆ ಒಂದು ಪೇರ್ ಹಣ್ಣು ಕೊಟ್ಟಳು.

ವಾಝಾ ಲಿಫ್ಟಿನ ಕಾಸಿನ ಡಬ್ಬಿ ತೆರೆದ.
ಚಿಲ್ಲರೆಯ ನಡುವೆ, ಅಗೋ, ಒಂದು ವಾಷರ್!
ನಾಣ್ಯವೆಂದು ಯಾಮಾರಿಸಿ
ಯಾವ ಪೋರ ಮೇಲೇರಿದ್ದನೋ.
ಉಜ್ಜಿದ, ಬೋಲ್ಟಿಗೆ ತೊಡಿಸಿದ. ಕೂತಿತು.
ಕಾಲು ಸುತ್ತು ಬಿಗಿದು,
ಜೇಬಿನಿಂದ ಒಂದು ಕಾಸು ತೆಗೆದು
ಡಬ್ಬಿಗೆ ಹಾಕಿದ.

ಕೆಳಗೆ ಯಾರೋ ಆಗಲೇ ಗುಂಡಿ ಒತ್ತುತ್ತಿದ್ದರು.